ಪಂಪ್ ನಿಲ್ಲಿಸಿ!

ರಾತ್ರಿ ಒಂದು ಗಂಟೆ. ದುಬೈ ಅಂಚಿನ ಅಲ್ ಖವಾನೀಜ್‌ನಲ್ಲಿ, ಮರಳಿನ ಮಧ್ಯೆ ಎದ್ದು ನಿಂತಿದ್ದ ಒಂದು ವಿಲ್ಲಾದ ಮುಂದೆ ಮೊದಲ ಮಿಕ್ಸರ್ ಗಾಡಿ ಬಂದು ನಿಂತಿತು. ಡೆಲಿವರಿ ನೋಟು ಕಿತ್ತುಕೊಂಡು ಟಾರ್ಚ್ ಹಿಡಿದೆ. ಬ್ಯಾಚ್ ಆದ ಸಮಯ 12:20. ನಮ್ಮ ಸೈಟಿನ ಲೆಕ್ಕದಲ್ಲಿ ಆ ಕ್ಷಣದಿಂದ ಎರಡೇ ಗಂಟೆ. ಅಷ್ಟರೊಳಗೆ ಸುರಿಯಬೇಕು, ಇಲ್ಲವೇ ಗಾಡಿಯನ್ನು ವಾಪಸ್ ಕಳಿಸಬೇಕು. ಕಾಂಕ್ರೀಟಿಗೆ ಥರ್ಮಾಮೀಟರ್ ಚುಚ್ಚಿದೆ: 30 ಡಿಗ್ರಿ. ಮಿತಿ 32. ಸ್ಲಂಪ್ ಕೋನ್ ತುಂಬಿಸಿದೆವು. ಮೂರು ಪದರ, ಪದರಕ್ಕೆ 25 ಕುಟ್ಟು. ಕೋನ್ ಎತ್ತಿದಾಗ ರಾಶಿ ಎಷ್ಟು ಕುಸಿಯಬೇಕೋ ಅಷ್ಟೇ ಕುಸಿಯಿತು. ಕೈ ಎತ್ತಿದೆ. ಬೂಮ್ ಪಂಪ್ ಗುಡುಗಿತು. ಮಾಳಿಗೆಯ ತುದಿಯಲ್ಲಿ ಬೂದು ಬಣ್ಣದ ಮೊದಲ ಧಾರೆ ಕಂಬಿಗಳ ಮೇಲೆ ಬಿತ್ತು.

80 ಘನ ಮೀಟರ್ ಸುರಿಯಬೇಕಿತ್ತು. ಎಂಟು ಘನ ಮೀಟರಿನ ಹತ್ತು ಗಾಡಿ. ಒಂದರ ಹಿಂದೆ ಒಂದು ತಡೆಯಿಲ್ಲದೆ ಬಂದರೆ ಸೂರ್ಯ ಹುಟ್ಟುವ ಮೊದಲೇ ಮುಗಿಯುವ ಕೆಲಸ.

ಸೂರ್ಯನಿಗೇ ನಾವೆಲ್ಲ ಹೆದರಿದ್ದು. ಆಗಸ್ಟ್ ತಿಂಗಳು. ಮಧ್ಯಾಹ್ನ ಆ ಕಂಬಿಗಳನ್ನು ಬರಿಗೈಯಲ್ಲಿ ಮುಟ್ಟಿದರೆ ಬೊಬ್ಬೆ ಏಳುತ್ತಿತ್ತು. ಸಂಜೆಯಿಂದಲೇ ಶಟರಿಂಗ್ ಹಲಗೆಗೂ ಕಂಬಿಗೂ ನೀರು ಹೊಡೆದು ತಣಿಸಿದ್ದೆವು. ಪ್ಲಾಂಟಿನವರು ನೀರಿನ ಬದಲು ಐಸ್ ಚೂರು ಹಾಕಿ ಕಾಂಕ್ರೀಟ್ ಕಲಸುತ್ತಿದ್ದರು. ಒಂದು ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲೊರಿ ಶಾಖ ನುಂಗುತ್ತದೆ. ಸಿಮೆಂಟು ನೀರಿನೊಡನೆ ಬೆರೆತು ತಾನಾಗಿಯೇ ಬಿಸಿಯೇಳುತ್ತದೆ. ಹೊರಗಿನ ಬಿಸಿಯೂ ಸೇರಿಕೊಂಡರೆ ಗಟ್ಟಿಯಾಗುವ ವೇಗಕ್ಕೆ ಲಂಗುಲಗಾಮು ಇರುವುದಿಲ್ಲ. ಹಗಲಿನ ಗಾಳಿಯಂತೂ ಇನ್ನೂ ಕ್ರೂರಿ. 43 ಡಿಗ್ರಿ ಬಿಸಿ, ಒಣ ಹವೆ, ಜೋರು ಗಾಳಿ ಒಟ್ಟಾದರೆ ಹಸಿ ಸ್ಲ್ಯಾಬಿನ ಪ್ರತಿ ಚದರ ಮೀಟರಿನಿಂದ ಗಂಟೆಗೆ ಒಂದೂವರೆ ಲೀಟರ್ ನೀರು ಹಾರಿಹೋಗುತ್ತದೆ. ಒಂದು ಲೀಟರ್ ದಾಟಿದರೇ ಮೇಲ್ಮೈ ಬಿರಿಯುವ ಅಪಾಯ. ಆ ರಾತ್ರಿ ಮಾತ್ರ ಗಾಳಿ ಬಿದ್ದುಹೋಗಿತ್ತು. 33 ಡಿಗ್ರಿ ಬಿಸಿ, ತೇವಾಂಶ ಶೇಕಡಾ 85. ಲೆಕ್ಕ ಹಾಕಿದೆ: ಗಂಟೆಗೆ ನೂರು ಮಿಲಿಲೀಟರೂ ಆರುವುದಿಲ್ಲ. ಕಾಂಕ್ರೀಟಿಗೆ ಹೇಳಿ ಮಾಡಿಸಿದ ರಾತ್ರಿ.

ಅದೇ ಲೆಕ್ಕದೊಳಗೆ ಸಾವು ಕೂತಿತ್ತು. ಸ್ಲ್ಯಾಬಿನಿಂದ ನೀರು ಆರದ ಗಾಳಿಯಲ್ಲಿ ಮನುಷ್ಯನ ಬೆವರೂ ಆರುವುದಿಲ್ಲ. ಬೆವರು ಸುರಿದ ಮಾತ್ರಕ್ಕೆ ದೇಹ ತಣಿಯದು, ಅದು ಆವಿಯಾಗಿ ಶಾಖವನ್ನು ಹೊತ್ತೊಯ್ಯಬೇಕು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆ, ಅಂದರೆ ವೆಟ್ ಬಲ್ಬ್, 35 ಡಿಗ್ರಿ ತಲುಪಿದರೆ ನೆರಳಿನಲ್ಲಿ ಸುಮ್ಮನೆ ಕೂತವನೂ ಕೆಲವೇ ಗಂಟೆ ಬದುಕಬಲ್ಲ. ಇದೇ ಕರಾವಳಿಯ ರಾಸ್ ಅಲ್ ಖೈಮಾ ಆ ಗಡಿಯನ್ನು ಸ್ವಲ್ಪ ಹೊತ್ತು ಮುಟ್ಟಿದ ದಾಖಲೆಯೇ ಇದೆ. ನಮ್ಮ ಮಾಳಿಗೆಯ ಮೇಲೆ ಆ ರಾತ್ರಿ ಅದು 30 ದಾಟಿತ್ತು. ನಮ್ಮವರು ಕೂತಿರಲಿಲ್ಲ. ಗಂಬೂಟು ಹಾಕಿಕೊಂಡು, ಮೊಣಕಾಲುದ್ದ ಕಾಂಕ್ರೀಟಿನಲ್ಲಿ ಹೂತ ಪಂಪಿನ ಪೈಪನ್ನು ಎಳೆಯುತ್ತಿದ್ದರು.

ಮೂರನೇ ಗಾಡಿ. ನಾಲ್ಕನೆಯದು. ವೈಬ್ರೇಟರಿನ ಸೂಜಿ ಕಾಂಕ್ರೀಟಿನೊಳಗೆ ಇಳಿಯುತ್ತದೆ, ಗುಳ್ಳೆ ಏಳುತ್ತವೆ, ಸೂಜಿ ಮೇಲೆ ಬರುತ್ತದೆ, ಒಂದಡಿ ಆಚೆ ಮತ್ತೆ ಇಳಿಯುತ್ತದೆ. ಹಿಂದೆಯೇ ಮೇಸನ್‌ಗಳು ಹಲಗೆ ಎಳೆದು ಸಮ ಮಾಡುತ್ತ ಬರುತ್ತಾರೆ. ಐದನೆಯದು. ಆರನೆಯದು. 2:50ಕ್ಕೆ ಆರನೇ ಗಾಡಿ ಬರಿದಾಯಿತು.

ಏಳನೆಯದು ಬರಲಿಲ್ಲ.

ಪ್ಲಾಂಟಿಗೆ ಫೋನ್ ಮಾಡಿದರೆ ‘ಹೊರಟು ಎಷ್ಟು ಹೊತ್ತಾಯಿತು, ದಾರಿಯಲ್ಲಿದೆ’ ಎಂದರು. ಹತ್ತು ನಿಮಿಷ ಕಳೆಯಿತು. ಇಪ್ಪತ್ತು ಕಳೆಯಿತು. ಸುರಿದ ಕಾಂಕ್ರೀಟಿನ ಅಂಚಿಗೆ ಓಡಿ ಬೂಟಿನ ತುದಿಯಿಂದ ಒತ್ತಿದೆ. ಬಿಗಿಯುತ್ತಿದೆ! ಅಂಚು ಸೆಟ್ ಆದ ಮೇಲೆ ಅದರ ಪಕ್ಕ ಹೊಸದನ್ನು ಸುರಿದರೆ ಎರಡೂ ಬೆಸೆಯುವುದಿಲ್ಲ. ಅದೇ ಕೋಲ್ಡ್ ಜಾಯಿಂಟ್. ಮನೆಯವರ ನೆತ್ತಿಯ ಮೇಲೆ ಕಾಯಂ ಉಳಿಯುವ ಸೀಳು, ನೀರಿಗೂ ಉಪ್ಪಿಗೂ ಕಂಬಿಯವರೆಗೆ ನೇರ ದಾರಿ. ‘ವೈಬ್ರೇಟರ್ ತನ್ನಿ! ಅಂಚನ್ನು ಮತ್ತೆ ಅಲ್ಲಾಡಿಸಿ, ಸಾಯಲು ಬಿಡಬೇಡಿ!’ ಎಂದು ಕೂಗಿದೆ.

ವೈಬ್ರೇಟರ್ ಹಿಡಿದು ಮೊದಲು ಓಡಿಬಂದವನು ಒಬ್ಬ ಹುಡುಗ. ಆಳಂದ ತಾಲ್ಲೂಕಿನವನು, ಊರಿನಿಂದ ಬಂದು ವಾರವೂ ಆಗಿರಲಿಲ್ಲ. ಹೊಸಬನೆಂದೇ ಅವನನ್ನು ಕುಡಿಯುವ ನೀರು ಹಂಚುವ ಕೆಲಸಕ್ಕೆ ಹಾಕಿದ್ದೆ. ಈ ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಬಿಸಿಲ ನಾಡಿನ ಕೂಲಿಗಳಲ್ಲಿ ಬಂದ ಮೊದಲ ದಿನಗಳಲ್ಲೇ ಬೀಳುವವರು ಹೆಚ್ಚು.

‘ನೀನು ಬೇಡ, ಬೇರೆಯವರಿಗೆ ಕೊಡು’ ಎಂದೆ.

‘ನಾ ಕಲಬುರಗಿ ಬಿಸಲಾಗ ಬೆಳದಾಂವ ರೀ ಸಾಹೇಬ್ರ, ನನಗೇನ್ ಆಗಂಗಿಲ್ಲ ಬಿಡ್ರಿ!’

ಕಲಬುರಗಿಯ ಬಿಸಿಲು ಒಣ ಬಿಸಿಲು. ಅಲ್ಲಿ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ. ಇಲ್ಲಿ ಅವನ ಅಂಗಿ ಮೈಗೆ ಅಂಟಿ, ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಅವನತ್ತ ಎರಡು ಹೆಜ್ಜೆ ಇಡುವಷ್ಟರಲ್ಲಿ ಕೆಳಗೆ ಹಾರ್ನ್ ಮೊಳಗಿತು. ಏಳನೇ ಗಾಡಿ! ಡೆಲಿವರಿ ನೋಟು: 1:45. ಕೈಗಡಿಯಾರ: 3:27. ಹದಿನೆಂಟು ನಿಮಿಷ ಬಾಕಿ!

ಪಂಪ್ ಮತ್ತೆ ಗುಡುಗಿತು. ಅದೇ ಕ್ಷಣ ಹುಡುಗ ವೈಬ್ರೇಟರ್ ಕೆಳಗೆ ಹಾಕಿದ. ಕಾಂಕ್ರೀಟಿಲ್ಲದ ಕಡೆಗೆ, ಬರೀ ಕಂಬಿಗಳ ಮೇಲೆ ತೂರಾಡುತ್ತ ನಡೆದ. ತಿರುಗಿ ನನ್ನನ್ನೇ ನೋಡಿದ. ಆ ಕಣ್ಣುಗಳಿಗೆ ನಾನು ಕಾಣುತ್ತಿರಲಿಲ್ಲ.

‘ಯವ್ವಾ, ಎತ್ತಿಗಿ ನೀರ್ ಇಟ್ಟೀ ಏನ?’

ಮರುಗಳಿಗೆ ಕುಸಿದು ಬಿದ್ದ.

ಓಡಿಹೋಗಿ ಕತ್ತು ಮುಟ್ಟಿದೆ. ಕೆಂಡ! ಮಾತು ತಪ್ಪಿದೆ, ಮೈ ಸುಡುತ್ತಿದೆ. ಇದು ಬರೀ ಸುಸ್ತಲ್ಲ, ಹೀಟ್ ಸ್ಟ್ರೋಕ್. ಒಳಗಿನ ಉಷ್ಣತೆ 40 ಡಿಗ್ರಿ ದಾಟಿದರೆ ಮಿದುಳು, ಯಕೃತ್ತು, ಮೂತ್ರಪಿಂಡ ಒಂದೊಂದಾಗಿ ಬೇಯತೊಡಗುತ್ತವೆ. ಅರ್ಧ ಗಂಟೆಯೊಳಗೆ ಮೈ ತಣಿಸಿದರೆ ಬದುಕುವ ಭರವಸೆಯಿದೆ. ಆಸ್ಪತ್ರೆ ಆಮೇಲೆ, ಮೊದಲು ತಣಿಸಬೇಕು. 998ಕ್ಕೆ ಫೋನ್ ಮಾಡಲು ಒಬ್ಬನಿಗೆ ಹೇಳಿದೆ. ಕೆಳಗಿಳಿಸೋಣವೆಂದರೆ ಇರುವುದು ಸ್ಕ್ಯಾಫೋಲ್ಡಿಂಗಿನ ಇಕ್ಕಟ್ಟಿನ ಏಣಿ. ಆ ಏಣಿಯಲ್ಲಿ ಹೊತ್ತು ಕಳೆಯುವಂತಿಲ್ಲ. ಇಲ್ಲೇ ಆಗಬೇಕು, ಈಗಲೇ ಆಗಬೇಕು.

ಆದರೆ ಇಲ್ಲಿ ನೀರು ಸುರಿದರೆ? ಅವನು ಬಿದ್ದ ಭಾಗದ ಹಲಗೆಗಳು, ತೊಲೆಯ ಗುಂಡಿಗಳು ನೀರಿನಿಂದ ತುಂಬುತ್ತವೆ. ಆ ಕಡೆ ಈ ರಾತ್ರಿ ಕಾಂಕ್ರೀಟ್ ಬೀಳುವಂತಿಲ್ಲ. ಮೂರು ಗಾಡಿ ರದ್ದಾಗಬೇಕು, ಸ್ಲ್ಯಾಬ್ ಅರ್ಧಕ್ಕೆ ನಿಲ್ಲಬೇಕು.

‘ಪಂಪ್ ನಿಲ್ಲಿಸಿ! ಎಲ್ಲರೂ ಇಲ್ಲಿಗೆ ಬನ್ನಿ! ಐಸ್ ತನ್ನಿ, ಐಸ್!’

ಮಲಯಾಳಿ ಫೋರ್‌ಮನ್ ಕೆಳಗಿನ ಐಸ್ ಪೆಟ್ಟಿಗೆಯನ್ನು ಸುತ್ತಿಗೆಯಿಂದ ಒಡೆದೇಬಿಟ್ಟ. ಏಣಿಯುದ್ದಕ್ಕೂ ಜನ ಸಾಲುಗಟ್ಟಿದರು. ಬಕೆಟ್ಟುಗಳು ಕೈಯಿಂದ ಕೈಗೆ ಮೇಲೇರಿದವು. ಕಂಬಿಗಳ ಮೇಲೆ ಪ್ಲೈವುಡ್ ಹಾಸಿದೆವು. ಸ್ಲ್ಯಾಬಿಗೆ ಹೊದಿಸಲೆಂದು ಇಟ್ಟಿದ್ದ ದಪ್ಪ ಪಾಲಿಥೀನ್ ಹಾಳೆಯನ್ನು ಮಡಿಸಿ ಹರಡಿ ಹುಡುಗನನ್ನು ನಡುವೆ ಮಲಗಿಸಿದೆವು. ಆರು ಜನ ಅಂಚು ಹಿಡಿದೆತ್ತಿದರು. ಹಾಳೆ ತೊಟ್ಟಿಯಾಯಿತು. ಐಸ್ ನೀರು ಸುರಿಯಿರಿ! ಇನ್ನೂ! ತಲೆ ಮೇಲಿರಲಿ! ಅಂಚು ಹಿಡಿದವರು ಹಾಳೆಯನ್ನು ಅತ್ತಿಂದಿತ್ತ ತೂಗಿದರು, ನೀರು ಅವನ ಮೈಸುತ್ತ ಅಲೆಯಾಡಿತು. ಯಾರೋ ಬಾಯಿಗೆ ನೀರಿಡಲು ಬಂದರು. ತಡೆದೆ. ಪ್ರಜ್ಞೆಯಿಲ್ಲದವನ ಗಂಟಲಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ಅಷ್ಟರಲ್ಲಿ ಪಠಾಣ್ ಪಂಪ್ ಆಪರೇಟರ್ ಕೆಳಗಿನಿಂದ ಕೂಗಿದ: ‘ಎಂಜಿನಿಯರ್ ಸಾಬ್! ಗಾಡಿಗೆ ಎಂಟೇ ನಿಮಿಷ!’

ಬಿಗಿಯುತ್ತಿದ್ದ ಅಂಚು ಎಲ್ಲಿತ್ತೋ ಅಲ್ಲೇ ನಿಲ್ಲಿಸುವಂತಿರಲಿಲ್ಲ. ಅದು ತೊಲೆಗೆ ಹತ್ತಿಕೊಂಡೇ ಇತ್ತು, ಶಿಯರ್ ಬಲ ಅತಿ ಹೆಚ್ಚಿರುವ ಜಾಗ. ಸ್ಲ್ಯಾಬನ್ನು ನಿಲ್ಲಿಸಲೇಬೇಕೆಂದರೆ ಎರಡು ತೊಲೆಗಳ ನಡುಮಧ್ಯದಲ್ಲಿ, ಆ ಬಲ ಕಡಿಮೆಯಿರುವ ಕಡೆ ನಿಲ್ಲಿಸಬೇಕು. ಆಪತ್ಕಾಲಕ್ಕೆಂದು ಕನ್ಸಲ್ಟೆಂಟ್ ಮೊದಲೇ ಒಪ್ಪಿದ ಗೆರೆ ನಕ್ಷೆಯಲ್ಲಿತ್ತು. ತಡೆಹಲಗೆಯೂ ಜಾಲರಿಯೂ ಮೂಲೆಯಲ್ಲಿ ಸಿದ್ಧವಿದ್ದವು. ‘ಹಾಳೆ ಹಿಡಿದವರು, ಬಕೆಟ್ ಸಾಲಿನವರು ಅಲುಗಬೇಡಿ. ಮಿಕ್ಕವರು ಆ ಗೆರೆಗೆ ಹಲಗೆ ಹೊಡೆಯಿರಿ!’ ಮೊಳೆಗಳ ಸದ್ದು, ಪಂಪಿನ ಗುಡುಗು, ಈಚೆ ಬಕೆಟ್ಟಿನ ನೀರಿನ ಸದ್ದು, ಎಲ್ಲ ಒಟ್ಟೊಟ್ಟಿಗೆ. ಕಾಂಕ್ರೀಟ್ ಗೆರೆಯವರೆಗೆ ತುಂಬಿತು. ವೈಬ್ರೇಟರ್ ಹಳೆಯ ಅಂಚಿನೊಳಗೂ ಇಳಿದು ಎರಡನ್ನೂ ಬೆಸೆಯಿತು. 3:45ಕ್ಕೆ ಪಂಪ್ ನಿಂತಿತು.

ಹುಡುಗ ನಡುಗಿದ. ಒಮ್ಮೆ, ಮತ್ತೊಮ್ಮೆ. ಕಣ್ಣು ತೆರೆದ.

‘ಊರು ಯಾವುದಪ್ಪ?’

ತುಟಿ ಅಲುಗಿದವು. ‘ಆಳಂದ ತಾಲ್ಲೂಕ್ ರೀ... ಥಂಡಿ ಆಗಾಕತ್ತೈತ್ರಿ.’

ಅಂಚು ಹಿಡಿದ ಆರು ಜನರಲ್ಲಿ ಯಾರೂ ಕೈ ಸಡಿಲಿಸಲಿಲ್ಲ. ಆಂಬುಲೆನ್ಸ್ ಸಿಬ್ಬಂದಿ ಮೇಲೆ ಹತ್ತಿ ಬಂದು ಅವನನ್ನು ವಹಿಸಿಕೊಳ್ಳುವವರೆಗೂ ತೂಗುತ್ತಲೇ ಇದ್ದರು.

ಫಜರ್ ಆಜಾನ್ ಕೇಳಿಸಿತು. ಯುದ್ಧ ಇನ್ನೂ ಮುಗಿದಿರಲಿಲ್ಲ. ಪೂರ್ವದಲ್ಲಿ ಬೆಳಕು ಹರಿದಂತೆ ಗಾಳಿ ಎದ್ದಿತು, ತೇವಾಂಶ ಇಳಿಯತೊಡಗಿತು. ಕಾಂಕ್ರೀಟಿನ ಹೊಳಪು ನಮ್ಮ ಕಣ್ಣೆದುರೇ ಮಾಸುತ್ತಿತ್ತು. ಹೊದಿಸಬೇಕಾದ ಹಾಳೆ ಕೆಸರಾಗಿ ಬಿದ್ದಿದೆ! ತೊಳೆಯುವವರು ತೊಳೆದರು, ಉಳಿದವರು ನಾಜಲ್ ಹಿಡಿದು ಮಂಜಿನಂಥ ಹನಿ ಎರಚುತ್ತ ಸ್ಲ್ಯಾಬಿನ ಮೇಲೆ ತೇವವನ್ನು ಹಿಡಿದಿಟ್ಟರು. ಉಳಿದ ಐಸ್ ನೀರನ್ನು ಅದಕ್ಕೆ ಮುಟ್ಟಿಸಲಿಲ್ಲ. ಬಿಸಿ ಕಾಂಕ್ರೀಟ್ ತಣ್ಣೀರು ಬಿದ್ದರೆ ಸೀಳುತ್ತದೆ. ಸೂರ್ಯ ಮೇಲೆ ಬರುವ ಹೊತ್ತಿಗೆ ಒದ್ದೆ ಗೋಣಿತಾಟು, ಅದರ ಮೇಲೆ ಹಾಳೆ, ಹಾಳೆಯ ಅಂಚಿಗೆ ಭಾರ. ಏಳು ದಿನ ಆ ಗೋಣಿ ಒಣಗಲು ಬಿಡಲಿಲ್ಲ. ಆಮೇಲೆ ಜಾಯಿಂಟಿನ ಮುಖವನ್ನು ಜಲ್ಲಿ ಕಾಣುವವರೆಗೆ ಕೆತ್ತಿ, ತೊಳೆದು, ಇನ್ನೊಂದು ರಾತ್ರಿ ಉಳಿದ ಭಾಗವನ್ನು ಸುರಿದೆವು. 28ನೇ ದಿನದ ಕಾಂಕ್ರೀಟ್ ಕ್ಯೂಬುಗಳು ಬಲದ ಪರೀಕ್ಷೆಯಲ್ಲಿ ಗೆದ್ದವು. ಹುಡುಗನೂ ಆಸ್ಪತ್ರೆಯಿಂದ ನಡೆದುಕೊಂಡೇ ಹೊರಬಂದ.

ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಒಳ್ಳೆಯ ಕಾನೂನು, ಜೀವ ಉಳಿಸುವ ಕಾನೂನು. ಅದು ಸೂರ್ಯನನ್ನು ಮಾತ್ರ ನೋಡುತ್ತದೆ. ಕಡಲಿನಿಂದ ಬಂದು ರಾತ್ರಿಯಿಡೀ ಮೈಮೇಲೆ ಕೂರುವ ತೇವವನ್ನು ಸೈಟಿನಲ್ಲಿರುವ ನಾವೇ ನೋಡಬೇಕು. ಗಾಡಿ ಗಾಡಿಗೂ ಕಾಂಕ್ರೀಟಿನ ಉಷ್ಣತೆ ಬರೆದಿಡುವ ಪುಸ್ತಕದಲ್ಲೇ ಇನ್ನು ಮುಂದೆ ವೆಟ್ ಬಲ್ಬಿಗೂ ಒಂದು ಕಾಲಂ ಇರಲಿ. ಹೊಸಬನ ಹೆಸರಿನ ಮುಂದೆ ಅವನು ಬಂದ ತಾರೀಖು ಇರಲಿ. ಐಸ್, ಹಾಳೆ, ಆರು ಜನ ಸಿದ್ಧವಿಲ್ಲದ ಕಡೆ ಮೊದಲ ಗಾಡಿಯನ್ನು ಕರೆಸಬಾರದು. ಅರ್ಧಕ್ಕೆ ನಿಂತ ಸ್ಲ್ಯಾಬಿಗೆ ಜಾಯಿಂಟ್ ಕೊಡಬಹುದು. ಮನುಷ್ಯನಿಗೆ ಆ ಅವಕಾಶವಿಲ್ಲ. ಆದ್ದರಿಂದ ಪಂಪ್ ನಿಲ್ಲಿಸುವ ಅಧಿಕಾರ ಎಂಜಿನಿಯರ್ ಒಬ್ಬನದಲ್ಲ. ಪಕ್ಕದವನ ಮಾತು ತೊದಲಿದ್ದನ್ನು ಮೊದಲು ಕೇಳಿಸಿಕೊಂಡ ಪ್ರತಿಯೊಬ್ಬನದು.