ಕಾಸಿಲ್ಲದ ಕುಂಚ

ಮಕ್ಕಳೇ, ಕಂಪ್ಯೂಟರ್ ಪರದೆಯನ್ನು ಭೂತಗನ್ನಡಿಯಲ್ಲಿ ನೋಡಿದ್ದೀರಾ? ಕೆಂಪು, ಹಸಿರು, ನೀಲಿ ಚುಕ್ಕಿಗಳು ಕಾಣುತ್ತವೆ. ಒಂದೊಂದು ಬಣ್ಣಕ್ಕೂ 0ಯಿಂದ 255ರವರೆಗೆ 256 ಮಟ್ಟಗಳು. ಮೂರನ್ನೂ ಬೆರೆಸಿದರೆ 1,67,77,216 ಬಣ್ಣಗಳು! ಇಂಥ ಬಣ್ಣದ ಪೆಟ್ಟಿಗೆ ಯಾರಿಗೆ ಬೇಡ?

ವಿಜಯನಗರದ ನಮ್ಮ ಮನೆಗೆ ಹಳೆಯ ಕಂಪ್ಯೂಟರ್ ತಂದಾಗ ಮಗಳು ಅದನ್ನೇ ಕೇಳಿದಳು. ಹೆಸರಾಂತ ಚಿತ್ರ ತಂತ್ರಾಂಶದ ಬೆಲೆಯೋ, ನಮ್ಮ ಕಂಪ್ಯೂಟರಿಗಿಂತ ಹೆಚ್ಚು. ಅಂಗಡಿಯವರೊಬ್ಬರು ನಕಲು ಸಿ.ಡಿ. ಹಾಕಿಕೊಡುತ್ತೇನೆಂದರು. ಕದ್ದ ಕುಂಚ ಮಗಳ ಕೈಗೆ ಬೇಡವೆನಿಸಿತು.

ಹುಡುಕಿದಾಗ ಸಿಕ್ಕಿದ್ದು ‘ಟಕ್ಸ್ ಪೇಂಟ್’. ಬಿಲ್ ಕೆಂಡ್ರಿಕ್ ಎಂಬವರು 2002ರಲ್ಲಿ ಮಕ್ಕಳಿಗೆಂದೇ ಆರಂಭಿಸಿದ್ದು. ಬೆಲೆಯಿಲ್ಲ, ಗೆಳೆಯರಿಗೆ ಪ್ರತಿ ಮಾಡಿಕೊಟ್ಟರೂ ತಪ್ಪಿಲ್ಲ. ಅದರ ಪೆಂಗ್ವಿನ್ ಕನ್ನಡದಲ್ಲೂ ಸೂಚನೆ ಕೊಡುತ್ತದೆ. ಸದ್ದು ಮಾತ್ರ ಪಕ್ಕದ ಮನೆಗೂ ಕೇಳುತ್ತದೆ!

ದೊಡ್ಡವಳಾದಂತೆ ಮಗಳು ‘ಗಿಂಪ್’ ಹಿಡಿದಳು. ಇದೂ ಉಚಿತ. 1995ರಲ್ಲಿ ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದರು. ನಮ್ಮ ಬೆಂಗಳೂರಿನಲ್ಲೇ, ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿದ್ದ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರದ ಮಕ್ಕಳೂ ಇದರಲ್ಲಿ ಚಿತ್ರ ಬಿಡಿಸಿದ್ದರು. ಗಿಂಪ್‌ನಲ್ಲಿ ಪದರಗಳಿವೆ, ಗಾಜಿನ ಮೇಲೆ ಗಾಜು ಇಟ್ಟಂತೆ. ಒಂದರಲ್ಲಿ ಮರ, ಇನ್ನೊಂದರಲ್ಲಿ ಹಕ್ಕಿ. ಹಕ್ಕಿಯನ್ನು ಅಳಿಸಿದರೂ ಮರದ ಒಂದು ಎಲೆಯೂ ಹಾಳಾಗುವುದಿಲ್ಲ.