ಸಾಯದ ಅರಸರು

ಪಸ್ತಾಪುರದ ನಮ್ಮ ಕಡೆಯ ಮಕ್ಕಳ ನಾಲಗೆಗೆ ಕನ್ನಡ, ತೆಲುಗು, ಉರ್ದು ಮೂರೂ ಒಡಹುಟ್ಟಿದವು. 1956ರಲ್ಲಿ ಬೀದರ ಜಿಲ್ಲೆಯಿಂದ ಜಹೀರಾಬಾದು, ನಾರಾಯಣಖೇಡಗಳೂ ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರೂ ಆಂಧ್ರಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ನುಡಿ ಮಾತ್ರ ಗಡಿಗಲ್ಲನ್ನು ಕಂಡು ನಿಂತದ್ದಿಲ್ಲ.

ಮೊನ್ನೆ ತರಗತಿಯಲ್ಲಿ ಚೀನದ ಮೊದಲ ಚಕ್ರವರ್ತಿ ಚಿನ್ ಷಿ ಹ್ವಾಂಗನ ಕಥೆ ಹೇಳುತ್ತಿದ್ದೆವು. ಕ್ರಿ.ಪೂ. 221ರಲ್ಲಿ ಚೀನವನ್ನು ಒಂದುಗೂಡಿಸಿದವನು. 213ರಲ್ಲಿ ಗ್ರಂಥಗಳನ್ನು ಸುಡಿಸಿದವನು. ಸಾವಿಗೆ ಅಂಜಿ, ಅಮೃತವನ್ನು ಅರಸಲು ಕಡಲಾಚೆಗೆ ಜನರನ್ನು ಅಟ್ಟಿದವನು. ಅಮೃತ ಬರಲಿಲ್ಲ, 210ರಲ್ಲಿ ಪ್ರವಾಸದ ನಡುವೆಯೇ ಸತ್ತ. ಹೆಣದ ನಾತ ಹೊರಗೆ ತಿಳಿಯದಿರಲೆಂದು ಬಂಡಿಗೆ ಮೀನು ಹೇರಿದರೆಂದು ಇತಿಹಾಸಕಾರ ಸೀಮ ಚಿಯನ್ ಬರೆದಿದ್ದಾನೆ.

ಹಿಂದಿನ ಸಾಲಿನ ಹುಡುಗನೊಬ್ಬ ಎದ್ದ. “ಸರ, ನಮ್ಮಣ್ಣನ ಫೋನಿನ ಆಟದಾಗ ಆ ರಾಜಾ ಸತ್ತೇ ಇಲ್ರಿ!”

ವಿಚಾರಿಸಿದೆವು, ನಿಜವೇ. ಫೇಟ್ ಗ್ರ್ಯಾಂಡ್ ಆರ್ಡರ್ ಎಂಬ ಜಪಾನೀ ಆಟದಲ್ಲಿ 2018ರಲ್ಲಿ ಬಂದ ಕಥೆಯೊಂದರಲ್ಲಿ ಆತ ಅಮರನಾಗಿ ಜಗತ್ತನ್ನೆಲ್ಲ ಆಳುತ್ತಾನೆ. ಅಲ್ಲಿ ಯುದ್ಧವಿಲ್ಲ, ಹಸಿವಿಲ್ಲ. ಆದರೆ ಪ್ರಜೆಗಳಿಗೆ ವಿದ್ಯೆಯಿಲ್ಲ, ಕವಿತೆಯಿಲ್ಲ. ಅರಿವೆಲ್ಲ ಅರಸನೊಬ್ಬನ ಸ್ವತ್ತು.

ಆಗ ನಮಗೆ ಇನ್ನೊಬ್ಬ ಅರಸ ನೆನಪಾದ. ತಾಂಡೂರಿನ ಬಳಿ ಹರಿಯುವ ಕಾಗಿಣಾ ಹೊಳೆಯೇ ಮುಂದೆ ಮಳಖೇಡವನ್ನು ಸೇರುತ್ತದೆ. ಅದೇ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಅವನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಮೂಡಿದ ಕವಿರಾಜಮಾರ್ಗವು, ಓದದೆಯೂ ಕಾವ್ಯ ಕಟ್ಟಬಲ್ಲವರೆಂದು ನಾಡಿನ ಜನರನ್ನು ಕೊಂಡಾಡಿತು. ಕೋಟೆ ಇಂದು ಪಾಳು. ಅರಸ ಅಮೃತವನ್ನು ಕುಡಿದವನಲ್ಲ. ಆದರೂ ಕನ್ನಡ ಕಲಿಯುವ ಕೂಸು ಅವನ ಹೆಸರನ್ನು ಕೇಳದೆ ದೊಡ್ಡದಾಗದು.

ಹೀಗೆ ಉಪದೇಶ ಮಾಡುತ್ತಿದ್ದಂತೆ ನಮ್ಮ ನಾಲಗೆ ತಡವರಿಸಿತು. ಹಿಂದಿನ ವಾರ ಹುಡುಗಿಯೊಬ್ಬಳು ಕನ್ನಡಕ್ಕೆ ತೆಲುಗು ಬೆರೆಸಿ ತಾನೇ ಕಟ್ಟಿದ ಹಾಡನ್ನು ಹಾಡಹೊರಟಿದ್ದಳು. “ಪಾಠದಲ್ಲಿಲ್ಲದ್ದು ಬೇಡ, ಭಾಷೆ ಕೆಡುತ್ತದೆ” ಎಂದು ಗದರಿ ಕೂರಿಸಿದವರು ನಾವೇ. ಎರಡಡಿ ಬೆತ್ತ ಹಿಡಿದ ನಾವು ಯಾವ ಅರಸನ ಪಾಳೆಯದವರು?

“ಆ ಹಾಡು ಹಾಡವ್ವಾ” ಎಂದೆವು.

ತಲೆ ತಗ್ಗಿಸಿ, “ಮರ್ತೀನ್ರಿ ಸರ” ಎಂದಳು.

ಮರೆತಿರಲಿಲ್ಲವೆಂದು ಕಣ್ಣೇ ಹೇಳುತ್ತಿತ್ತು. ಬೆತ್ತವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಅಂದಿನಿಂದ ದಿನವೂ ಕೊನೆಯ ಹತ್ತು ನಿಮಿಷ ಮಕ್ಕಳು ಕಟ್ಟಿದ ಹಾಡಿಗೆ ಮೀಸಲು. ಉಳಿದವರು ಹಾಡುತ್ತಾರೆ. ಆಕೆ ಇನ್ನೂ ಹಾಡಿಲ್ಲ, ನಾವು ಕಾಯುತ್ತಿದ್ದೇವೆ.