ಪುಲಿಕೇಶಿನಗರದ ಬೇತಾಳರು

ವಾಚಕರಲ್ಲಿ ಅನೇಕರು ಕಾಶೀರಾಮೇಶ್ವರಗಳ ಯಾತ್ರೆಯನ್ನು ಮಾಡಿರಬಹುದು. ಬದರೀಕೇದಾರಗಳನ್ನು ಕಂಡು ಬಂದವರೂ ಇರಬಹುದು. ನಾನು ಇಲ್ಲಿ ನಿವೇದಿಸಹೊರಟಿರುವ ಪ್ರವಾಸವು ನನ್ನ ಮನೆಯ ಬಾಗಿಲಿನಿಂದ ಅರ್ಧ ಮೈಲಿಯನ್ನು ಮೀರಿದ್ದಲ್ಲ. ಆದರೂ ಮನುಷ್ಯನಾಗಿ ಹೊರಟವನು ಬೇತಾಳನಾಗಿ ಹಿಂದಿರುಗಿದೆನಾದ್ದರಿಂದ, ಅದನ್ನು ಪ್ರವಾಸವೆಂದು ಕರೆದರೆ ಯಾರೂ ಆಕ್ಷೇಪಿಸಲಾರರೆಂದು ನಂಬಿದ್ದೇನೆ.

ನಾನಿರುವುದು ಬೆಂಗಳೂರಿನ ದಂಡಿನ ಪ್ರದೇಶಕ್ಕೆ ಸೇರಿದ ಪುಲಿಕೇಶಿನಗರದಲ್ಲಿ. ಈ ಹೆಸರನ್ನು ಹೇಳಿದರೆ ಆಟೋದವನು ಒಂದು ಕ್ಷಣ ಕಣ್ಣು ಕಿರಿದು ಮಾಡಿ, ಬಳಿಕ ‘ಓ, ಫ್ರೇಜರ್ ಟೌನಾ ಸಾರ್?’ ಎನ್ನುವನು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ, ಅದಕ್ಕೆ ಮೊದಲು ನಾಲ್ವಡಿ ಕೃಷ್ಣರಾಜ ಒಡೆಯರ ಗುರುವಾಗಿದ್ದ ಸ್ಟೂವರ್ಟ್ ಫ್ರೇಜರನ ಹೆಸರು ಜನರ ಬಾಯಲ್ಲಿ ಅಷ್ಟು ಬೇರೂರಿದೆ. ಬಾದಾಮಿಯ ಇಮ್ಮಡಿ ಪುಲಿಕೇಶಿಯು ನರ್ಮದೆಯ ದಡದಲ್ಲಿ ಹರ್ಷವರ್ಧನನನ್ನು ಹಿಮ್ಮೆಟ್ಟಿಸಿದವನು. ಹರ್ಷನು ಹರ್ಷವನ್ನೇ ಕಳೆದುಕೊಂಡನೆಂದು ಕವಿ ರವಿಕೀರ್ತಿಯು ೬೩೪ರ ಐಹೊಳೆಯ ಶಾಸನದಲ್ಲಿ ಚಮತ್ಕಾರ ಮಾಡಿರುವುದನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅಂದರೆ ಪುಲಿಕೇಶಿಯು ಓಡಿಸಿದವನೇ ಹೊರತು ಓಡಿದವನಲ್ಲ. ಅವನ ಹೆಸರಿನ ನಗರದಲ್ಲಿ ನಾನು ಓಡಿದೆನು. ಅದೂ ಹೆಣಗಳಿಗೆ ಹೆದರಿ!

ನಡೆದದ್ದು ಹೀಗೆ. ನಮ್ಮ ಬೀದಿಯ ಹುಡುಗರು ಒಂದು ಭಾನುವಾರ ಬೆಳಿಗ್ಗೆ ಶಾಲೆಯೊಂದರ ಆಟದ ಬಯಲನ್ನು ಕೇಳಿ ಪಡೆದು ‘ಜಾಂಬಿ ಓಟ’ವನ್ನು ಏರ್ಪಡಿಸಿದರು. ಟೈರುಗಳ ಸಾಲು, ಹಗ್ಗದ ಬಲೆ, ತೆವಳಿಕೊಂಡು ಹೋಗಬೇಕಾದ ಟಾರ್ಪಾಲು, ಹುಲ್ಲಿನ ಹೊರೆಗಳ ಗೋಡೆ, ಕೊನೆಯಲ್ಲಿ ಕೆಸರಿನ ಹೊಂಡ, ಇವು ಅಡ್ಡಿಗಳು. ಓಡುವವನ ಸೊಂಟಕ್ಕೆ ಮೂರು ಕೆಂಪು ಬಟ್ಟೆಯ ಪಟ್ಟಿಗಳನ್ನು ಸಿಕ್ಕಿಸುವರು. ದಾರಿಯಲ್ಲಿ ಹೆಣದ ವೇಷ ಹಾಕಿದವರು ನಿಂತು ಆ ಪಟ್ಟಿಗಳನ್ನು ಕಿತ್ತುಕೊಳ್ಳುವರು. ಮೂರೂ ಹೋದವನು ಸತ್ತನು. ಸತ್ತವನು ತಾನೂ ಮುಖಕ್ಕೆ ಬಣ್ಣ ಬಳಿದುಕೊಂಡು ಮಿಕ್ಕವರನ್ನು ಹಿಡಿಯಲು ನಿಲ್ಲಬೇಕು. ನಾವು ಬಾಲ್ಯದಲ್ಲಿ ಆಡಿದ ಜೂಟಾಟಕ್ಕೆ ಅಮೆರಿಕದವರು ರಕ್ತದ ಬಣ್ಣ ಹಚ್ಚಿ ಹಿಂದಕ್ಕೆ ಕಳುಹಿಸಿರುವರೆಂದು ನನಗೆ ತೋರಿತು. ಆ ದೇಶದ ಮೇರಿಲೆಂಡಿನಲ್ಲಿ ೨೦೧೧ನೆಯ ಇಸವಿಯ ಅಕ್ಟೋಬರಿನಲ್ಲಿ ಇಂತಹ ಓಟವೊಂದು ಪಟ್ಟಿ ಕೀಳುವ ಇದೇ ನಿಯಮದೊಡನೆ ನಡೆದು ಬಹಳ ಜನರನ್ನು ಸೆಳೆಯಿತು. ಹೂಡಿದ ಕಂಪನಿಯು ೨೦೧೩ರಲ್ಲಿ ಮುಳುಗಿತಾದರೂ ಆಟವು ಸಾಯಲಿಲ್ಲ. ಸತ್ತವರ ಆಟವಲ್ಲವೆ!

ನಮ್ಮನ್ನು ಕರೆಯಲು ಬಂದ ಹುಡುಗನು ನನ್ನ ಹಳೆಯ ವಿದ್ಯಾರ್ಥಿ. ‘ಮೇಷ್ಟ್ರೆ, ಹಿರಿಯರ ತಂಡ ಒಂದು ಬೇಕು, ಇಲ್ಲ ಅನ್ನಬಾರದು’ ಎಂದನು. ಪ್ರತಿದಿನ ಕೋಲ್ಸ್ ಪಾರ್ಕಿನಲ್ಲಿ ಒಟ್ಟಿಗೆ ನಡೆಯುವ ನಾವು ಮೂವರು: ನಾನು, ಅಂಚೆಯ ಇಲಾಖೆಯಿಂದ ನಿವೃತ್ತರಾದ ರಾಯರು, ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಇನ್ನೊಬ್ಬ ಮಿತ್ರರು. ರಾಯರು ಒಡನೆಯೇ ಒಪ್ಪಿದರು; ಅವರು ಯಾವುದಕ್ಕೂ ಒಡನೆಯೇ ಒಪ್ಪುವವರು. ಗಾರ್ಡರು ತಮ್ಮ ಮೊಣಕಾಲನ್ನು ಸವರಿಕೊಂಡು, ‘ನಾನು ಓಡಲಾರೆ ಮೇಷ್ಟ್ರೆ. ಜಾಂಬಿ ಆಗ್ತೀನಿ. ನನ್ನ ನಡಿಗೆಗೆ ವೇಷವೇ ಬೇಡ’ ಎಂದು ನಕ್ಕರು.

ಜಾಂಬಿ ಎಂದರೇನೆಂದು ಆ ರಾತ್ರಿ ಕುಳಿತು ವಿಚಾರಮಾಡಿದೆನು, ಉಪಾಧ್ಯಾಯನ ದುರಭ್ಯಾಸ. ಮಾತು ಹೈಟಿಯದು. ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕದ ಜನರಿಗೆ ಸಾವಿಗಿಂತ ದೊಡ್ಡದಾದ ಒಂದು ಭಯವಿದ್ದಿತು: ಸತ್ತ ಮೇಲೂ ಮಾಂತ್ರಿಕನು ಹೆಣವನ್ನೆಬ್ಬಿಸಿ ದುಡಿಸಿಕೊಂಡಾನೆಂಬುದು. ೧೯೬೮ರಲ್ಲಿ ಜಾರ್ಜ್ ರೊಮೆರೊ ಎಂಬ ಅಮೆರಿಕದ ನಿರ್ದೇಶಕನು ಇದನ್ನು ಬದಲಿಸಿ, ಜೀವಂತರನ್ನು ತಿನ್ನುವ ಹೆಣಗಳ ಚಲನಚಿತ್ರವನ್ನು ತೆಗೆದ ಮೇಲೆ ಈಗಿನ ಜಾಂಬಿ ಹುಟ್ಟಿತು. ಹೆಣವನ್ನು ಹೊಕ್ಕು ನಡೆದಾಡುವ ಸತ್ತ್ವವು ನಮಗೆ ಹೊಸದೆ? ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ತ್ರಿವಿಕ್ರಮಸೇನ ರಾಜನು ಮತ್ತೆ ಮತ್ತೆ ಹೆಗಲೇರಿಸಿಕೊಂಡು ಹೋಗುವುದು ಅದನ್ನೇ. ಆದರೆ ನಮ್ಮ ಬೇತಾಳನು ವಿದ್ವಾಂಸನು, ಕಥೆ ಹೇಳುವನು, ಧರ್ಮಸೂಕ್ಷ್ಮದ ಪ್ರಶ್ನೆ ಕೇಳುವನು, ಉತ್ತರ ತಿಳಿದೂ ಹೇಳದವನ ತಲೆ ಒಡೆದೀತೆಂದು ಎಚ್ಚರಿಸುವನು. ಈ ಜಾಂಬಿಗೆ ನಾಲಿಗೆಯೇ ಇಲ್ಲ, ಬರಿಯ ಹಸಿವು. ಅದಕ್ಕೆ ಮನುಷ್ಯರ ಮೆದುಳೇ ಆಹಾರವಂತೆ. ಹಾಗಾದರೆ ಅದು ನಮ್ಮ ಬಡಾವಣೆಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಏಕೆಂದರೆ ಮಾಸ್ಕ್ ರಸ್ತೆಯಲ್ಲಿ ೧೯೦೨ರಿಂದ ನಡೆದು ಬಂದಿದೆಯೆಂದು ಹೆಸರಾದ ಆಲ್ಬರ್ಟ್ ಬೇಕರಿಯ ಪ್ರಸಿದ್ಧ ತಿಂಡಿಯೇ ಭೇಜಾ ಪಫ್. ಶಾಕಾಹಾರಿಯಾದ ನನ್ನದು, ವ್ಯಾಕರಣದಿಂದ ಒಣಗಿದ ಮೆದುಳು. ರುಚಿಸಲಾರದೆಂಬ ಧೈರ್ಯದಿಂದ ಮಲಗಿದೆನು.

ಮರುದಿನ ಆರು ಗಂಟೆಗೆ ಗಾರ್ಡರನ್ನು ಕರೆದುಕೊಳ್ಳಲು ಅವರ ಮನೆಗೆ ಹೋದೆನು. ಅದು ಹಳೆಯ ಮನೆ, ಆಳೆತ್ತರಕ್ಕೆ ಸ್ವಲ್ಪವೇ ಕಡಮೆಯೆನ್ನುವಂತಹ ಜಗಲಿ, ಹಿಂದೆ ಕಿರಿದಾದ ಓಣಿ. ಅಷ್ಟು ವರ್ಷ ಆ ಮೆಟ್ಟಲುಗಳನ್ನು ಹತ್ತಿದ್ದರೂ ಅವುಗಳ ಅರ್ಥ ನನಗೆ ತಿಳಿದದ್ದು ಈಚೆಗೆ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ತಲುಪಿತು. ದಂಡಿನ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟರು. ಮತ್ತೆ ಹಾಗಾಗಬಾರದೆಂದು ಹೊಸದಾಗಿ ಕಟ್ಟಿದ ಬಡಾವಣೆ ಇದು. ೧೯೦೬ರಲ್ಲಿ ಇದಕ್ಕೆ ಅಸ್ತಿಭಾರ ಬಿದ್ದಿತು. ಪುರಸಭೆಯ ಇಂಜಿನಿಯರನಾಗಿದ್ದ ಸ್ಟೀಫನ್ಸನು ಅಗಲವಾದ ಬೀದಿ, ಗಾಳಿ ಬೆಳಕು, ಇಲಿಗೆ ಎಡೆಗೊಡದ ಮನೆ, ಇವನ್ನೆಲ್ಲಾ ಯೋಚಿಸಿ ೧೯೧೪ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಸ್ಟೀಫನ್ಸ್ ರಸ್ತೆಯೆಂಬುದು ಅವನ ಹೆಸರಿನದೇ. ಹೀಗೆ ನಮ್ಮ ಬಡಾವಣೆಯೇ ಒಂದು ಅಡ್ಡಿಯ ಓಟದ ಬಯಲು. ಓಡುವವನು ಇಲಿ, ಅಡ್ಡಿಗಳು ನಮ್ಮ ಮನೆಗಳು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹೊರುವುದೆಂದು ಸಿಮೋನ್ ಎಂಬ ಫ್ರಾನ್ಸಿನ ವೈದ್ಯನು ಕಂಡದ್ದೂ ಅದೇ ೧೮೯೮ರಲ್ಲಿ. ಅದಕ್ಕೆ ಮೊದಲು ಜನರಿಗೆ ತಿಳಿದಿದ್ದುದು ಒಂದೇ: ಇಲಿ ಬಿದ್ದರೆ ಮನೆ ಬಿಡು, ಗಂಟು ಎದ್ದರೆ ಮನುಷ್ಯನನ್ನು ಬಿಡು.

ಕೋಲಾರದ ಕಡೆಯ ನಮ್ಮ ಹಳ್ಳಿಯಲ್ಲಿಯೂ ಹಾಗೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದಳು. ಅವಳ ಸೋದರತ್ತೆಗೆ ಗಂಟು ಎದ್ದಾಗ ಹೊಸಲಿನ ಮೇಲೆ ಒಂದು ಗಡಿಗೆ ಗಂಜಿ ಇಟ್ಟು ಎಲ್ಲರೂ ಹೊರಟುಬಿಟ್ಟರಂತೆ. ‘ಆಮೇಲೆ?’ ಎಂದು ಕೇಳಿದರೆ ಅಜ್ಜಿ ದೀಪದ ಬತ್ತಿಯನ್ನು ಸರಿಮಾಡಲು ಏಳುತ್ತಿದ್ದಳು.

ಓಟ ಪ್ರಾರಂಭವಾಯಿತು. ಗಾರ್ಡರು ತಮ್ಮ ಹಳೆಯ ಸೀಟಿಯನ್ನು ತಂದಿದ್ದರು. ಹುಡುಗರು ಅವರ ಕೈಯಲ್ಲಿಯೇ ಅದನ್ನು ಊದಿಸಿದರು. ರಾಯರು ಟೈರುಗಳಲ್ಲಿಯೇ ಎರಡು ಪಟ್ಟಿ ಕಳೆದುಕೊಂಡು, ಮೂರನೆಯದನ್ನು ಒಬ್ಬ ಹೆಣ್ಣು ಮಗುವಿಗೆ ತಾವಾಗಿಯೇ ಬಿಚ್ಚಿ ಕೊಟ್ಟು, ಅತ್ಯಂತ ಸಂತೋಷದಿಂದ ಸತ್ತರು. ನನಗೆ ಏಕೋ ಹಟ ಬಂದಿತು. ಪಂಚೆಯನ್ನು ಬಿಟ್ಟು ಷರಾಯಿ ತೊಟ್ಟಿದ್ದುದು ಒಳ್ಳೆಯದಾಯಿತು. ಬಲೆಯ ಮೇಲೆ ಏರುವಾಗ ಹಗ್ಗದ ಕಣ್ಣಿನಲ್ಲಿ ಕಾಲು ಸಿಕ್ಕಿ ಒಂದು ಪಟ್ಟಿ ಹೋಯಿತು. ಟಾರ್ಪಾಲಿನ ಕೆಳಗೆ, ಬೆಳಕಿಲ್ಲದ ಆ ಸಂದಿಯಲ್ಲಿ, ಯಾರದೋ ತಣ್ಣನೆಯ ಬೆರಳು ನನ್ನ ಕಣಕಾಲನ್ನು ಹಿಡಿದಾಗ, ಆಟವೆಂದು ಬುದ್ಧಿಗೆ ತಿಳಿದಿದ್ದರೂ ಎದೆ ಹೊಡೆದುಕೊಂಡುದನ್ನು ಸುಳ್ಳಾಡಲಾರೆ. ಹೊರಗೆ ಬಂದಾಗ ಇನ್ನೊಂದು ಪಟ್ಟಿಯೂ ಇರಲಿಲ್ಲ. ಹುಲ್ಲಿನ ಗೋಡೆಯನ್ನು ಹತ್ತಿ ಇಳಿದು ಕೆಸರಿನ ಹೊಂಡಕ್ಕೆ ಬಂದೆನು. ಮೊಣಕಾಲಿನವರೆಗೆ ಹೂತು, ಹೆಜ್ಜೆ ಕೀಳಲಾರದೆ ನಿಂತೆನು. ಆಚೆಯ ದಡದಲ್ಲಿ ಮುಖಕ್ಕೆ ಬಿಳಿಯ ಹಿಟ್ಟು ಬಳಿದುಕೊಂಡು, ಕಣ್ಣ ಸುತ್ತ ಕಾಡಿಗೆ ಹಚ್ಚಿಕೊಂಡು, ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಕುಂಟುತ್ತ ಗಾರ್ಡರು ನನ್ನ ಕಡೆಗೆ ಬರುತ್ತಿದ್ದರು.

ನಾನು ಅಂಗೈ ಎತ್ತಿ ‘ಬೇಡ’ ಎನ್ನುವಂತೆ ಹಿಂದಕ್ಕೆ ಬಾಗಿದೆನು. ಅವರೂ ನಿಂತರು.

ಇದೇ ಕೈಯನ್ನು ನಾನು ಹೀಗೆಯೇ ಒಮ್ಮೆ ಎತ್ತಿದ್ದೆನು. ೨೦೨೧ರ ಮೇ ತಿಂಗಳು. ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬ್ಯುಲೆನ್ಸುಗಳು ಸಾಲಾಗಿ ನಿಂತಿದ್ದ ದಿನಗಳು. ಗಾರ್ಡರ ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಪ್ರತಿ ಕ್ರಿಸ್ಮಸ್ಸಿಗೂ, ‘ಮೇಷ್ಟ್ರ ಮನೆಗೆ’ ಎಂದು ಮೊಟ್ಟೆ ಹಾಕದ ಕೇಕನ್ನು ಬೇರೆಯಾಗಿ ಮಾಡಿ ಕಳುಹಿಸುತ್ತಿದ್ದ ತಾಯಿ. ಗಾರ್ಡರು ನಮ್ಮ ಗೇಟಿನ ಹೊರಗೆ ಬಂದು ನಿಂತರು. ಏನು ಕೇಳಲು ಬಂದರೋ, ಏನನ್ನೂ ಕೇಳಲು ಬಂದಿರಲಿಲ್ಲವೋ. ನಾನು ಒಳಗಿನಿಂದಲೇ ಕೈಯೆತ್ತಿ ತಡೆದು, ‘ನಾಳೆ ಬರುತ್ತೇನೆ ಗಾರ್ಡ್ ಸಾರ್’ ಎಂದೆನು. ಹಿಂದೆ ಬೆಂಗಳೂರಿನ ಮನೆಗಳ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ದೆವ್ವವು ಬಂಧುಗಳ ದನಿಯಲ್ಲಿ ಕೂಗುವುದಂತೆ. ಬರೆದುದನ್ನು ಓದಿ ಹಿಂದಿರುಗುವುದಂತೆ. ಗಾರ್ಡರು ಹಿಂದಿರುಗಿದರು. ಸಂಜೆ ವಾಹನ ಬಂದಾಗ ನಾನು ಕಿಟಕಿಯ ಹಿಂದೆ ಇದ್ದೆನು. ಬೆರಳೆಣಿಕೆಯ ಜನ, ಎಲ್ಲರೂ ಮೈತುಂಬ ಬಿಳಿಯ ಹೊದಿಕೆ ತೊಟ್ಟವರು, ಮುಖವಿಲ್ಲದವರು. ನಾನು ಕಿಟಕಿಯನ್ನು ಮುಚ್ಚಿದೆನು. ಆ ನಾಳೆ ಬರಲೇ ಇಲ್ಲ. ಆರು ತಿಂಗಳು ಕಳೆದು ಪಾರ್ಕಿನಲ್ಲಿ ಭೇಟಿಯಾದಾಗ ಗಾರ್ಡರು ಹವೆಯ ವಿಷಯ ಮಾತನಾಡಿದರು, ನಾನೂ ಹವೆಯ ವಿಷಯ ಮಾತನಾಡಿದೆನು. ಅಂದಿನಿಂದ ನಾವು ಪ್ರತಿದಿನ ಜೊತೆಯಲ್ಲಿ ನಡೆದಿದ್ದೇವೆ. ಹವೆಯ ವಿಷಯ ಮುಗಿದಿರಲಿಲ್ಲ.

‘ಮೇಷ್ಟ್ರೆ, ಡ್ಯೂಟಿ ಡ್ಯೂಟಿಯೇ’ ಎಂದರು ಗಾರ್ಡರು. ಹೊಂಡಕ್ಕೆ ಇಳಿದು ನನ್ನ ಕೊನೆಯ ಪಟ್ಟಿಯನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಂಡರು. ಆಮೇಲೆ ಮಣಿಕಟ್ಟನ್ನು ಹಿಡಿದು ಎಳೆದರು. ಕಾಲು ಬಂದಿತು, ಒಂದು ಪಾದರಕ್ಷೆ ಬರಲಿಲ್ಲ. ಅದು ಈಗಲೂ ಅಲ್ಲಿಯೇ ಇದ್ದೀತು.

ಬಣ್ಣ ಬಳಿಯುವ ಹುಡುಗಿಯು ನನ್ನ ಮುಖಕ್ಕೂ ಹಿಟ್ಟು ಹಚ್ಚಿದಳು. ಇಬ್ಬರು ಬೇತಾಳರೂ ಹುಲ್ಲಿನ ಹೊರೆಯ ಮೇಲೆ ಕುಳಿತೆವು. ಮುಖ ತನ್ನದಲ್ಲವೆಂದಾಗ ಬಾಯಿ ಸ್ವಲ್ಪ ಸಲೀಸಾಗುವುದೆಂದು ಕಾಣುತ್ತದೆ.

‘ಅಂದು ನಾನು ಬರಲಿಲ್ಲ’ ಎಂದೆನು.

ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ‘ಕಿಟಕಿ ಮುಚ್ಚಿದ್ದು ಕಂಡೆ’ ಎಂದರು. ಬಹಳ ಹೊತ್ತಿನ ಮೇಲೆ, ‘ಅದಕ್ಕೆ ಹದಿನೈದು ದಿನ ಮುಂಚೆ ನನ್ನ ತಮ್ಮ ಹೋದ. ನಾನೂ ಹೋಗಲಿಲ್ಲ ಮೇಷ್ಟ್ರೆ. ಅವಳು ಹೋಗಿ ಅಂದಳು. ನಾನೇ ಹೋಗಲಿಲ್ಲ’ ಎಂದರು.

ತಮ್ಮನು ತೀರಿಕೊಂಡದ್ದು ನನಗೆ ತಿಳಿದೇ ಇರಲಿಲ್ಲ. ಅವನ ಹೆಸರೇನೆಂದು ಕೇಳಿದೆನು. ಹೇಳಿದರು. ಪಾಟರಿ ರಸ್ತೆಯ ಕಡೆ ಇದ್ದನಂತೆ, ಚೆನ್ನಾಗಿ ಮೌತ್ ಆರ್ಗನ್ ಬಾರಿಸುತ್ತಿದ್ದನಂತೆ, ಅಣ್ಣನಿಂದ ಪಡೆದ ಸಾಲವನ್ನು ಒಮ್ಮೆಯೂ ಹಿಂದಿರುಗಿಸಿದವನಲ್ಲವಂತೆ. ಇದನ್ನು ಹೇಳುವಾಗ ಗಾರ್ಡರು ನಕ್ಕರು. ಹಿಟ್ಟು ಬಿರುಕು ಬಿಟ್ಟು ಕೆನ್ನೆಯಿಂದ ಉದುರಿತು.

ಅಷ್ಟರಲ್ಲಿ ರಾಯರು ದೂರದಿಂದ ಕೈಬೀಸಿ ಕೂಗಿದರು. ಮುಂದಿನ ತಂಡವು ಗೆರೆಯ ಮೇಲೆ ನಿಂತಿದ್ದಿತು. ಎಲ್ಲಾ ಹತ್ತು ಹನ್ನೆರಡು ವರ್ಷದ ಮಕ್ಕಳು, ಸೊಂಟದಲ್ಲಿ ಕೆಂಪು ಪಟ್ಟಿಗಳನ್ನು ಮೇಲಿಂದ ಮೇಲೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಗಾರ್ಡರು ನನ್ನ ಹೆಗಲನ್ನು ಹಿಡಿದು ಎದ್ದು ಸೀಟಿ ಊದಿದರು. ನಾವಿಬ್ಬರೂ ಕೈಗಳನ್ನು ಮುಂದಕ್ಕೆ ಚಾಚಿ, ಅವರು ಕುಂಟುತ್ತ, ನಾನು ಒಂದೇ ಕಾಲಿನಲ್ಲಿ ಪಾದರಕ್ಷೆಯಿಟ್ಟುಕೊಂಡು, ಹೊಂಡದ ದಡಕ್ಕೆ ಇಳಿದೆವು.